ಅರ್ಥಿಂಗ್

ಯಾರೂ ಏನೂ ನುಡಿಸದಿದ್ದಾಗಲೂ
ಗುಂಯ್ ಅನ್ನುತ್ತದೆ ಆಂಪ್ಲಿಫೈಯರು.
ಐಟಿಐ ಓದಿದವನು ನಾನೊಬ್ಬನೇ,
ಎಲ್ಲರೂ ನನ್ನ ಮುಖ ನೋಡುತ್ತಾರೆ.
ಅರ್ಥಿಂಗ್ ಸರಿ ಇಲ್ಲ, ಅಂದೆ.
ಭದ್ರಾವತಿಯ ಈ ಪಾಳು ಕ್ವಾರ್ಟರ್ಸಿಗೆ ಯಾವಾಗ ಸರಿ ಇತ್ತು?
ಗೋಡೆಯ ಮೇಲೆ ಯಾರದೋ ಮಗುವಿನ ಎತ್ತರ ಅಳೆದ ಪೆನ್ಸಿಲ್ ಗೆರೆಗಳು
ನಾಲ್ಕಡಿ ಎರಡಿಂಚಿಗೆ ನಿಂತುಬಿಟ್ಟಿವೆ, ಕುಲುಮೆಯ ಜೊತೆಗೆ.
ಆ ಗೆರೆಗಳಿಗೆ ಒರಗಿಸಿದ್ದಾನೆ ಸೆಲ್ವರಾಜ
ತನ್ನ ಡ್ರಮ್ಮಿನ ಮುರುಕು ಸ್ಟ್ಯಾಂಡು.

ಹಿತ್ತಲಲ್ಲಿ ಗುಂಡಿ ತೋಡಿ ತಾಮ್ರದ ತಂತಿ ಹೂತೆ,
ಉಪ್ಪು ಹಾಕಿದೆ, ಇದ್ದಿಲು ಹಾಕಿದೆ, ಒಂದು ಕೊಡ ನೀರು ಹೊಯ್ದೆ.
ಹೆಣಕ್ಕೂ ಹಿಂಗೇ ಅಲ್ದಾ ಉಪ್ಪು ಹಾಕೋದು, ಅಂದಳು ಜಲಜಾಕ್ಷಿ.
ನಕ್ಕೆವು. ಗುಂಯ್ ನಿಲ್ಲಲಿಲ್ಲ.
ಹೆಚ್ಚಾದದ್ದನ್ನು ನೆಲಕ್ಕೆ ಒಪ್ಪಿಸುವುದು, ಅಷ್ಟೇ ಅರ್ಥಿಂಗ್ ಅಂದರೆ.
ನೆಲ ಇದ್ದವರಿಗೆ ಸುಲಭ.

ಜಲಜಾಕ್ಷಿ. ಮುಳುಗಡೆಯವರ ಮನೆಯಲ್ಲಿ
ಹುಡುಗಿಗೆ ಇಟ್ಟ ಹೆಸರು ನೋಡಿ.
ಹಗಲು ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಾಳೆ,
ಸಂಜೆ ಹೊಟ್ಟೆಯ ತಳದಿಂದ ಗುಟುರು ತೆಗೆಯುತ್ತಾಳೆ;
ಬೀದಿನಾಯಿಗಳು ಮೊದಲು ಉತ್ತರ ಕೊಟ್ಟು
ಆಮೇಲೆ, ಯಾಕೋ, ಸುಮ್ಮನಾಗುತ್ತವೆ.

ಬಿಳಿಯರ ಗದ್ದಲ ನಿಮಗ್ಯಾಕ್ರಪ್ಪ, ಅಂದರು ಹಳೆಯ ಮೇಷ್ಟ್ರು.
ಹೌದು ಸಾರ್, ನಮ್ಮನ್ನಾಳಿದವರ ದೇಶದಲ್ಲೇ ಹುಟ್ಟಿದ್ದು.
ಅಲ್ಲೂ ಕಬ್ಬಿಣದ ಊರು, ಅಲ್ಲೂ ಮಿಷಿನ್ನಿಗೆ ಬೆರಳು ಕೊಟ್ಟ ಹುಡುಗರು.
ದೊರೆಗಳು ಇದನ್ನು ನಮಗೆ ಬಿಟ್ಟು ಹೋಗಲಿಲ್ಲ.
ಬಿಟ್ಟು ಹೋಗಿದ್ದು ಕಡತ, ಮೀಸಲು ಕಾಡಿನ ಗಡಿಕಲ್ಲು,
ನಿನ್ನ ನೆಲ ನಿನ್ನದೆಂದು ನೀನೇ ರುಜುವಾತು ಮಾಡು
ಎಂಬ ಒಂದು ವಾಕ್ಯ.
ಅವರು ಹೋದರು. ವಾಕ್ಯ ಕುರ್ಚಿ ಬಿಡಲಿಲ್ಲ,
ಟೈಪಿಸ್ಟು ಮಾತ್ರ ಬದಲಾದ.

ಮುಬೀನನ ಫೋನಿನಲ್ಲಿ ಆಫ್ರಿಕಾದ ಬಯಲೊಂದರಲ್ಲಿ
ಸುಡುಬಿಸಿಲಿಗೆ ಚರ್ಮದಂಗಿ ತೊಟ್ಟವರು,
ಜಾವಾದ ಯಾವುದೋ ಗಲ್ಲಿಯ ಬರಿಗಾಲ ಹುಡುಗರು.
ಅವರ ಮಾತು ಒಂದೂ ತಿಳಿಯದು.
ಎಲ್ಲಿ ಹಲ್ಲು ಕಚ್ಚುತ್ತಾರೆ ಅನ್ನುವುದು ತಿಳಿಯುತ್ತದೆ.

ನಮ್ಮದನ್ನು ಬೈರಮ್ಮನಿಗೆ ಕೇಳಿಸಿದೆವು, ಜಲಜಾಕ್ಷಿಯ ಅಜ್ಜಿಗೆ.
ಲಾರಿಯಲ್ಲಿ ತಂದು ಈ ಕಾಡಂಚಿಗೆ ಇಳಿಸಿ ಅರವತ್ತು ವರ್ಷ;
ಹಕ್ಕುಪತ್ರ ಪರಿಶೀಲನೆಯಲ್ಲಿದೆ.
ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು ಬಂದು ಪೂರ್ತಿ ಕೇಳಿದಳು.
ಯಾರಿಗ್ ಬೈತಿದೀಯೇ?
ವ್ಯವಸ್ಥೆಗೆ ಅಜ್ಜಿ.
ಅದ್ಯಾರ ಮಗ ಮಾರಾಯ್ತಿ?
ಬೈಯೋದಾದ್ರೆ ಹೆಸರು ಹಿಡಿದು ಬೈಬೇಕು.
ಕರೆಯೋದಾದ್ರೂ ಅಷ್ಟೆ.
ಅಂದವಳೇ ಕರೆಯತೊಡಗಿದಳು:
ಹೊಂಡದ ಮಕ್ಕಿ. ಕೊರಕಲು ಗದ್ದೆ. ನವಿಲು ಬ್ಯಾಣ. ಬಸರಿಹಕ್ಲು.
ಮೂರು ಕೊಳಗದ್ದು. ಅತ್ತೆ ಜಗಳಾಡಿ ಬಿಟ್ಟುಕೊಟ್ಟ ತುಂಡು.
ಬೆರಳು ಮಡಚುತ್ತ ಹೋದಳು, ಸಾಲದೆ
ಮತ್ತೆ ಮೊದಲ ಬೆರಳಿಗೆ ಬಂದಳು.

ಶಿವಮೊಗ್ಗದಲ್ಲಿ, ಕಲ್ಯಾಣ ಮಂಟಪವೊಂದರ ಪಾರ್ಕಿಂಗ್ ನೆಲಮಾಳಿಗೆ,
ಎಂಬತ್ತೇಳು ಜನ, ಒಬ್ಬ ಸಬ್ ಇನ್ಸ್‌ಪೆಕ್ಟರು.
ಹಾಡಿನ ಸಾಹಿತ್ಯ ಕೊಡ್ರಿ, ಅಂದ. ಕೊಟ್ಟೆವು.
ಟಾರ್ಚು ಹಿಡಿದು ಓದಿದ, ಹಾಳೆ ತಿರುವಿ ಹಿಂದೆಯೂ ನೋಡಿದ.
ಇದೇನ್ರೀ, ಪಹಣಿ ಇದ್ದಂಗಿದೆ?
ಹೌದು ಸಾರ್, ಅಂದಳು ಜಲಜಾಕ್ಷಿ,
ನಮ್ಮ ಹತ್ರ ಇರೋದು ಇದೊಂದೇ.

ಗುಂಯ್ ತೆಗೀಲಾ ಅಣ್ಣ, ಕೇಳಿದ ಸೌಂಡಿನ ಹುಡುಗ.
ಶರಾವತಿಯಿಂದ ಕಂಬ ಕಂಬ ದಾಟಿ ಬಂದ ಕರೆಂಟು ಅದು,
ಬಸರಿಹಕ್ಲಿನ ಮೇಲೆ ನಿಂತ ನೀರಿನದು.
ಇರಲಿ ಬಿಡು, ಅಂದೆ.

ಸೆಲ್ವರಾಜ ನಾಲ್ಕೆಣಿಸಿದ. ಕಂಬಗಳು ನಡುಗಿದವು,
ಯಾರದೋ ಸ್ಕೂಟರಿನ ಅಲಾರಾಂ ಹೊಡೆದುಕೊಂಡಿತು.
ಬೈರಮ್ಮ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ,
ಕಿವಿಗೆ ಕೊಟ್ಟ ಹತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು,
ಬೆರಳು ಮಡಚುತ್ತಿದ್ದಳು.

ಒಂಬತ್ತನೆಯದಕ್ಕೆ ಕೈ ಎತ್ತಿದಳು.
ಒಂದು ಬಿಟ್ರಿ.
ನಿಲ್ಲಿಸಿದೆವು.
ಮತ್ತೆ ಮೊದಲಿಂದ.